ಹಾಲೇಶನ ಹನ್ನೊಂದು ಸಾಲುಗಳು

ನಗು ಎಷ್ಟು ಡಿಗ್ರಿ ಬಿಸಿ ಇರಬೇಕು? ಇದೆಂಥಾ ತಲೆಹರಟೆ ಪ್ರಶ್ನೆ ಎನ್ನಬೇಡಿ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಆರು ಜನ ಎಂಜಿನಿಯರುಗಳು ಎರಡೂವರೆ ವರ್ಷ ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡು ಕೂತಿದ್ದರು. ಕೊನೆಗೆ ಮೂವತ್ತೆಂಟು ಎಂದು ತೀರ್ಮಾನಿಸಿ, ಪರೀಕ್ಷೆಗೆ ಪಂಕಜಾಕ್ಷಿಯನ್ನು ಕರೆಸಿದರು. ಆಕೆ ಅವರು ಮಾಡಿದ ಯಂತ್ರದ ಪಟ್ಟಿಯ ಮೇಲೆ ಬೆರಳಿಟ್ಟವಳೇ ಹಿಂದಕ್ಕೆಳೆದುಕೊಂಡು, "ಇದು ನಗು ಅಲ್ಲ ಕಣ್ರೀ, ಜ್ವರ" ಎಂದಳು. ಎರಡೂವರೆ ವರ್ಷದ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು.

ಪಂಕಜಾಕ್ಷಿಗೆ ಐವತ್ತಮೂರು ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣದು. ತೊಟ್ಟಿಲಿಗೆ ಹಾಕಿ ತಾವರೆಗಣ್ಣಿನವಳೆಂದು ಹೆಸರಿಟ್ಟ ದಿನ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೆಸರು ಬದಲಿಸೋಣವೆಂದು ಮನೆಯವರೆಲ್ಲ ಹೇಳಿದರೂ ಅವಳಮ್ಮ ಸುತರಾಂ ಒಪ್ಪಲಿಲ್ಲ. ಆ ಹಟವೇ ಮಗಳಿಗೂ ಬಂದಿತ್ತು. ಬ್ಯಾಂಕೊಂದರಲ್ಲಿ ಇಪ್ಪತ್ತಾರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು ಅವಳು. ಆಚೆ ಕಡೆಯವರು ಬರೀ "ಹಲೋ" ಅಂದರೂ ಸಾಕು, ಅವರಿಗೆ ಊಟ ಆಗಿದೆಯೋ ಇಲ್ಲವೋ ಪಂಕಜಾಕ್ಷಿ ಹೇಳಿಬಿಡುತ್ತಾಳೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ಅದು ಅರ್ಧ ತಮಾಷೆ, ಅರ್ಧ ನಿಜ.

ಪ್ರಯೋಗಾಲಯದವರು ಅವಳನ್ನೇ ಹುಡುಕಿಕೊಂಡು ಬಂದದ್ದಕ್ಕೆ ಕಾರಣ 'ಮಾತುಕಟ್ಟೆ'. ಕಣ್ಣು ಕಾಣದ ಕನ್ನಡಿಗರು ಅಂತರ್ಜಾಲದಲ್ಲಿ ಕಟ್ಟಿಕೊಂಡಿದ್ದ ಚರ್ಚಾವೇದಿಕೆ ಅದು. ಬೀದರಿನಿಂದ ಮಡಿಕೇರಿಯವರೆಗೆ ಆರುನೂರ ನಲವತ್ತು ಸದಸ್ಯರು. ಹತ್ತು ವರ್ಷದಿಂದ ಅದರ ಮೇಲ್ವಿಚಾರಣೆ ಪಂಕಜಾಕ್ಷಿಯದು. ಯಾರೋ ಬರೆದದ್ದನ್ನು ಫೋನಿನೊಳಗಿನ ಯಂತ್ರದ ದನಿ ಓದಿ ಹೇಳುತ್ತದೆ; ಕೇಳಿಸಿಕೊಂಡವರು ಉತ್ತರ ಬರೆಯುತ್ತಾರೆ, ಇಲ್ಲವೇ ಮಾತಾಡಿ ಧ್ವನಿ ಸಂದೇಶ ಕಳುಹಿಸುತ್ತಾರೆ. ಕಟ್ಟೆಗೆ ಒಂಬತ್ತು ನಿಯಮಗಳಿದ್ದವು. ಮೂರನೆಯದು ಸ್ವಲ್ಪ ಖಾರ: ಮುಖದ ಚಿತ್ರಗಳನ್ನು ಹಾಕಬಾರದು, ಅಕ್ಷರಗಳನ್ನು ದಪ್ಪ ಮಾಡಬಾರದು, ವಾರೆ ಮಾಡಬಾರದು.

ಆ ನಿಯಮಕ್ಕೂ ಒಂದು ಕಥೆಯಿದೆ. ಮೊದಮೊದಲು ಯಾರೋ ಒಬ್ಬ ಪರೀಕ್ಷೆ ಪಾಸಾದ ಖುಷಿಯಲ್ಲಿ ಹದಿನಾಲ್ಕು ನಗುಮುಖ ಹಾಕಿದ್ದ. ಯಂತ್ರದ ದನಿಗೇನು, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ "ನಗುವ ಮುಖ, ನಗುವ ಮುಖ" ಎಂದು ಹದಿನಾಲ್ಕು ಸಲ ಒದರಿತು. ಅದರ ಬೆನ್ನಿಗೇ ಇದ್ದದ್ದು ಇನ್ನೊಬ್ಬರ ತಂದೆ ತೀರಿಕೊಂಡ ಸುದ್ದಿ. ಇನ್ನು ದಪ್ಪ ಅಕ್ಷರವನ್ನಂತೂ ಆ ದನಿ ಗುರುತಿಸುತ್ತಲೇ ಇರಲಿಲ್ಲ. ಕಣ್ಣಿದ್ದವರ ಆಟದ ಸಾಮಾನು ನಮಗ್ಯಾಕೆ ಎಂದು ಪಂಕಜಾಕ್ಷಿ ಅಂದೇ ಬಾಗಿಲು ಹಾಕಿದ್ದಳು.

ಈಗ ಪ್ರಯೋಗಾಲಯದ ಭರತೇಶ ಆ ಬಾಗಿಲನ್ನೇ ತಟ್ಟುತ್ತಿದ್ದ. ಮೂವತ್ತನಾಲ್ಕರ ಎಂಜಿನಿಯರ್. ಉತ್ಸಾಹ ಬಂದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುವ ಆಸಾಮಿ. ಅವನು ಮಾಡಿದ್ದು 'ಬೆರಳಪಟ್ಟಿ'. ಗೇಣುದ್ದದ ಪಟ್ಟಿ, ಅದರ ಮೇಲೆ ಸಾಲಾಗಿ ಸೂಜಿಮೊನೆಯಂಥ ಕಡ್ಡಿಗಳು. ಕಡ್ಡಿಗಳು ಎದ್ದು ಬಿದ್ದು ಬ್ರೈಲ್ ಚುಕ್ಕಿಗಳಾಗುತ್ತವೆ, ಬೆರಳು ಓದುತ್ತದೆ. ಅಷ್ಟರಮಟ್ಟಿಗೆ ಅದು ಹಳೆಯ ವಿದ್ಯೆ. ಹೊಸದೆಂದರೆ ಕಡ್ಡಿಗಳ ನಡುವೆ ಹಾಸಿದ್ದ ಒಂದು ತೆಳು ಪೊರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬಿಸಿಯಾಗುತ್ತಿತ್ತು, ತಣ್ಣಗಾಗುತ್ತಿತ್ತು. ಕಡ್ಡಿಗಳು ಬೇಕಾದಷ್ಟು ಎತ್ತರಕ್ಕೆ ಏಳುತ್ತಿದ್ದವು, ವಾಲುತ್ತಿದ್ದವು, ನಡುಗುತ್ತಿದ್ದವು. ಅಕ್ಷರ ಓದುವ ಬೆರಳಿಗೇ ಆ ಅಕ್ಷರದ ಮುಖವೂ ಸಿಕ್ಕರೆ ಹೇಗಿರುತ್ತದೆ ಎಂಬುದು ಭರತೇಶನ ಯೋಚನೆ.

ಜ್ವರದ ನಗುವನ್ನು ಮೂವತ್ತೈದು ಡಿಗ್ರಿಗೆ ಇಳಿಸಿದ್ದಾಯಿತು. ಬಿಸಿಯನ್ನು ಒಂದೇ ಕಡೆ ನಿಲ್ಲಿಸಬೇಡಿ, ಎಡದಿಂದ ಬಲಕ್ಕೆ ಹರಿಸಿ ಎಂದಳು ಪಂಕಜಾಕ್ಷಿ. ಹರಿಸಿದರು. ಬೇಗ ಹರಿಯಲಿ ಎಂದಳು. "ನಾವು ಬೆರಳು ನಿಲ್ಲಿಸಿ ಓದೋರಲ್ಲ ಭರತೇಶ್, ಓಡಿಸಿ ಓದೋರು. ನಿಮ್ಮ ನಗು ಬರೋಷ್ಟರಲ್ಲಿ ನಾನು ಮುಂದಿನ ಸಾಲಲ್ಲಿರ್ತೀನಿ." ಅದನ್ನೂ ಸರಿಮಾಡಿದರು. ಅವಳು ಮತ್ತೆ ಬೆರಳಿಟ್ಟಳು.

ಆ ಕ್ಷಣವನ್ನು ಅವಳು ಆಮೇಲೆ ಎಷ್ಟೋ ಜನಕ್ಕೆ ವಿವರಿಸಲು ಹೋಗಿ ಸೋತಳು. 'ಬಂದೆ' ಎಂಬ ಒಂದು ಪದ ಬೆರಳ ಕೆಳಗೆ ಸರಿಯಿತು, ಅದರ ಕೊನೆಯಲ್ಲಿ ಒಂದು ಸಣ್ಣ ಬೆಚ್ಚನೆಯ ಅಲೆ ಎದ್ದು ಬೆರಳ ಅಂಚಿಗೆ ತಾಗಿ ಹೋಯಿತು. ಟೆಲಿಫೋನಿನಲ್ಲಿ ನಗುತ್ತ ಮಾತಾಡುವವರ ದನಿ ಕೊನೆಯಲ್ಲಿ ತುಸು ಮೇಲಕ್ಕೆ ಸರಿಯುತ್ತದಲ್ಲ, ಥೇಟ್ ಹಾಗೆ. ಪಂಕಜಾಕ್ಷಿ ಗಟ್ಟಿಯಾಗಿ ನಕ್ಕಳು. ಭರತೇಶ ಕುರ್ಚಿಯಿಂದ ಎದ್ದ ರಭಸಕ್ಕೆ ಕಾಫಿ ಲೋಟ ಉರುಳಿ ಯಾರದೋ ಕಾಗದಗಳೆಲ್ಲ ತೊಯ್ದವು. ಯಾರೂ ಬೈಯಲಿಲ್ಲ.

ಆಮೇಲೆ ಮೂರು ದಿನ ಅವಳು ಅಲ್ಲೇ ಠಿಕಾಣಿ ಹೂಡಿದಳು. ಇವರು ಮಾಡಿಟ್ಟಿದ್ದ ಸಿಟ್ಟು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಅದನ್ನು ತೆಗೆಸಿ ಮುಳ್ಳು ಮಾಡಿಸಿದಳು. ದುಃಖಕ್ಕೆ ಪಟ್ಟಿಯ ನೆಲ ತಣ್ಣಗೆ ಕುಸಿಯಬೇಕು ಎಂದಳು. ಕೀಟಲೆಗೆ ಬೆರಳ ತುದಿ ಬೇಡ, ಪಕ್ಕೆಗೆ ಕಚಗುಳಿ ಇಡಲಿ ಎಂದಳು. ದಪ್ಪ ಅಕ್ಷರವೆಂದರೆ ಚುಕ್ಕಿಗಳು ಗಟ್ಟಿಯಾಗಿ ಸೆಟೆದು ನಿಲ್ಲಬೇಕು, ವಾರೆ ಅಕ್ಷರ ಬಲಕ್ಕೆ ಒರಗಬೇಕು, ಹೊಡೆದುಹಾಕಿದ ಅಕ್ಷರದ ಮೇಲೆ ಗೀರು ಎಳೆದ ಹಾಗಿರಬೇಕು. ಹೆಬ್ಬೆರಳಿನ ಬಳಿ ಒಂದು ಸಾಲು ಗುಂಡಿ. ಒತ್ತಿದರೆ ಬರೆದ ಸಾಲಿಗೆ ಆ ಗುರುತು ಸೇರುತ್ತದೆ.

ಮೂರನೇ ದಿನ ಸಂಜೆ ಮನೆಗೆ ಬಂದವಳೇ ಗಂಡನ ಅಂಗೈ ಹಿಡಿದು ನಗು, ಸಿಟ್ಟು, ಕಚಗುಳಿ ಎಲ್ಲವನ್ನೂ ಬೆರಳಲ್ಲಿ ಮಾಡಿ ತೋರಿಸಿದಳು. ಗಂಡ ಮಹದೇವಸ್ವಾಮಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗ್ರೀಸ್ ಹತ್ತಿ ಹತ್ತಿ ನನ್ನ ಕೈ ತೊಗಲು ಎಮ್ಮೆ ಚರ್ಮವಾಗಿದೆ, ನನಗೆ ಎಲ್ಲವೂ ಒಂದೇ ಥರ ಎಂದು ಅವನು ರೇಗಿಸಿದ. ಆದರೆ ಹೆಂಡತಿ ಇಷ್ಟು ಖುಷಿಯಾಗಿದ್ದದ್ದನ್ನು ಅವನು ನೋಡಿ ಎರಡು ವರ್ಷವಾಗಿತ್ತು. ಅಕ್ಕಿ ರೊಟ್ಟಿ ತಟ್ಟಲು ಅವನೇ ಹೊರಟ.

ಇತ್ತ ಪಂಕಜಾಕ್ಷಿ ಕಟ್ಟೆ ತೆರೆದು ನೋಡಿದರೆ ಒಂದು ದೂರು ಬಂದು ಕೂತಿತ್ತು. ಹರಿಹರದ ಹಾಲೇಶನನ್ನು ಮಾತುಕಟ್ಟೆಯಿಂದ ಹೊರಗೆ ಹಾಕಬೇಕು. ನೂರ ಹನ್ನೆರಡು ಜನ ಹೆಸರು ಹಾಕಿದ್ದರು. ಒಂಬತ್ತನೇ ನಿಯಮದ ಪ್ರಕಾರ ನೂರು ಜನ ಕೇಳಿದರೆ ಹದಿನೈದು ದಿನದೊಳಗೆ ಮತ ಹಾಕಿಸಲೇಬೇಕು.

ಹಾಲೇಶನೆಂದರೆ ಕುರ್ಚಿಗೆ ಬೆತ್ತ ಹೆಣೆಯುವವನು ಎಂಬುದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಎಂಟು ವರ್ಷದಿಂದ ಕಟ್ಟೆಯಲ್ಲಿದ್ದ. ಒಂದೊಂದೇ ಸಾಲು ಬರೆಯುತ್ತಿದ್ದ, ಬರೆದ ಸಾಲು ಕೇಳಿದವರಿಗೆ ಮೈ ಉರಿಯುತ್ತಿತ್ತು. ಬಡ್ತಿ ಸಿಕ್ಕಿತೆಂದು ಒಬ್ಬರು ಸಂಭ್ರಮದಿಂದ ಬರೆದರೆ, "ಇನ್ನು ನಿಮಗೆ ಅಗಲದ ಕುರ್ಚಿ ಬೇಕು" ಎನ್ನುತ್ತಿದ್ದ. ಮಗಳ ಮದುವೆ ಎಂದವರಿಗೆ, "ಕರೆಯದಿದ್ದರೂ ಊಟಕ್ಕೆ ಬರುತ್ತೇನೆ." ಪದ್ಯ ಬರೆದು ಹಾಕಿದವರಿಗೆ, "ಎರಡನೇ ಸಾಲು ಇರಲಿ. ಮಿಕ್ಕದ್ದು ತೆಗೆಯಿರಿ." ಹೀಗೇ ಹನ್ನೊಂದು ಸಾಲುಗಳನ್ನು ಆರಿಸಿ ದೂರಿಗೆ ಲಗತ್ತಿಸಿದ್ದರು. ಯಂತ್ರದ ದನಿ ಅವುಗಳನ್ನು ಕೋರ್ಟಿನ ಜವಾನನ ಹಾಗೆ ಒಂದೊಂದಾಗಿ ಕೂಗಿತು.

ಹನ್ನೊಂದನೆಯ ಸಾಲು ಪಂಕಜಾಕ್ಷಿಗೇ ಬರೆದದ್ದು. ಎರಡು ವರ್ಷದ ಹಿಂದೆ ಅವಳಮ್ಮ ತೀರಿಕೊಂಡಾಗ ನಾನೂರು ಜನ ಸಂತಾಪ ಸೂಚಿಸಿದ್ದರು. ಅವರ ನಡುವೆ ಹಾಲೇಶ ಬರೆದದ್ದು ಇಷ್ಟು: "ನಿಮ್ಮ ತಾಯಿ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಿದ್ದರು."

ಅವಳು ಅದನ್ನು ಮರೆತಿರಲಿಲ್ಲ. ಮರೆಯುವ ಪ್ರಯತ್ನವನ್ನೂ ಮಾಡಿರಲಿಲ್ಲ. ಇಷ್ಟು ವರ್ಷದಲ್ಲಿ ಅವನಿಗೆ ಬುದ್ಧಿ ಹೇಳಲು ಆರು ಸಲವಾದರೂ ಫೋನ್ ಮಾಡಿದ್ದಳು, ಅವನು ಎತ್ತಿರಲಿಲ್ಲ. ಎಷ್ಟೋ ಜನ ಧ್ವನಿ ಸಂದೇಶದಲ್ಲಿ ಸಮಾಧಾನವಾಗಿ ಕೇಳಿದ್ದರು, ಕೋಪದಿಂದ ಕೇಳಿದ್ದರು, ಒಂದಕ್ಕೂ ಉತ್ತರವಿರಲಿಲ್ಲ. ತಿಂಗಳ ಮೊದಲ ಭಾನುವಾರ ಎಲ್ಲರೂ ದನಿಯಲ್ಲೇ ಸೇರುವ ಸಭೆಗೆ ಅವನು ಒಮ್ಮೆಯೂ ಬಂದವನಲ್ಲ. ಜಂಬ ಎಂದರೆ ಅದು ಎಂದು ಕಟ್ಟೆಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು.

ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಮಹದೇವಸ್ವಾಮಿ ಕೇಳಿದ. "ಹೋಗ್ಲಿ ಅನ್ಸುತ್ತೆ ಕಣ್ರೀ" ಎಂದಳು ಪಂಕಜಾಕ್ಷಿ. ಹೇಳಿದ ಮೇಲೆ ರೊಟ್ಟಿ ರುಚಿಸಲಿಲ್ಲ.

ಮಾರನೆಯ ವಾರ ಪ್ರಯೋಗಾಲಯದಲ್ಲಿ ಜಾತ್ರೆಯಷ್ಟು ಗದ್ದಲ. ಸಾರ್ವಜನಿಕ ಪರೀಕ್ಷೆಗೆಂದು ಆರುನೂರು ಪಟ್ಟಿಗಳು ತಯಾರಾಗಿ ಡಬ್ಬಿ ಸೇರುತ್ತಿದ್ದವು. ಮಾತುಕಟ್ಟೆಯಿಂದ ಅರ್ಜಿ ಹಾಕಿದವರಿಗೆಲ್ಲ ಒಂದೊಂದು. ಪಂಕಜಾಕ್ಷಿ ಭರತೇಶನನ್ನು ಪಕ್ಕಕ್ಕೆ ಕರೆದು, ಹರಿಹರದ ಹಾಲೇಶ ಎಂಬುವರದ್ದೊಂದು ಸದ್ಯಕ್ಕೆ ತಡೆಹಿಡಿಯಿರಿ, ಭಾನುವಾರದ ಸಭೆಯಲ್ಲಿ ಮತ ಇದೆ, ಅದು ಕಳೆದ ಮೇಲೆ ಅವರು ನಮ್ಮ ಸದಸ್ಯರಾಗಿ ಇರುತ್ತಾರೋ ಇಲ್ಲವೋ ಎಂದಳು.

ಭರತೇಶ ಅರ್ಜಿ ಹುಡುಕಿದ. ಅದು ಹೋದ ವಾರವೇ ಹೋಗಿದೆ, ಎಲ್ಲಕ್ಕಿಂತ ಮೊದಲು ಅವರದ್ದನ್ನೇ ಕಳಿಸಿದೆವು ಎಂದ. ಯಾಕೆ ಎಂದು ಕೇಳಿದಳು. ಬಳಸುವ ಬಗೆಯನ್ನು ದನಿಯಲ್ಲಿ ಹೇಳಿಕೊಡಬೇಕೇ ಎಂಬ ಪ್ರಶ್ನೆ ಅರ್ಜಿಯಲ್ಲಿತ್ತು. ಹಾಲೇಶ ಬರೆದ ಉತ್ತರವನ್ನು ಭರತೇಶ ಓದಿದ: "ಬೇಡ. ನನಗೆ ಕಿವಿಯೂ ಕೇಳುವುದಿಲ್ಲ. ಬೆರಳಿಗೆ ಹೇಳುವುದಿದ್ದರೆ ಕಳುಹಿಸಿ."

ಪಂಕಜಾಕ್ಷಿ ಕುರ್ಚಿ ತಡವಿ ಕುಳಿತುಕೊಂಡಳು. ನೀರು ಬೇಕೇ ಎಂದು ಭರತೇಶ ಕೇಳಿದ್ದು ಅವಳಿಗೆ ಕೇಳಿಸಲಿಲ್ಲ. ಆರು ಸಲ ಫೋನ್. ಲೆಕ್ಕವಿಲ್ಲದಷ್ಟು ಧ್ವನಿ ಸಂದೇಶ. ದನಿಯ ಸಭೆಗೆ ಬಂದು ಸಮಜಾಯಿಷಿ ಕೊಡಿ ಎಂದು ಎರಡು ಸಲ ನೋಟಿಸು, ಅದೂ ದನಿಯಲ್ಲೇ. ಕಣ್ಣಿಲ್ಲದವರ ಲೋಕದಲ್ಲಿ ಎಲ್ಲರಿಗೂ ಕಿವಿ ಇದ್ದೇ ಇರುತ್ತದೆಂದು ಆರುನೂರ ಮೂವತ್ತೊಂಬತ್ತು ಜನ ಎಂಟು ವರ್ಷ ನಂಬಿಕೊಂಡು ಕೂತಿದ್ದರು. ದನಿ ಕೇಳಿಯೇ ಜನರನ್ನು ಅಳೆಯುತ್ತೇನೆಂದು ಬೀಗಿದವಳು ಅವರೆಲ್ಲರಿಗಿಂತ ಮುಂದೆ. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ಅಂದೇ ಅವನಿಗೆ ಖಾಸಗಿಯಾಗಿ ಬರೆದಳು. ಎರಡು ನಿಮಿಷದಲ್ಲಿ ಉತ್ತರ ಬಂತು, ಹೊಸ ಪಟ್ಟಿಯ ಮೇಲೆ. ಹುಟ್ಟಿನಿಂದ ಕಣ್ಣಿಲ್ಲ, ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿಯೂ ಹೋಯಿತು, ಅಷ್ಟರಲ್ಲಿ ಪುಣ್ಯಕ್ಕೆ ಬ್ರೈಲ್ ಕಲಿತಾಗಿತ್ತು ಎಂದು ಹಾಲೇಶ ಬರೆದಿದ್ದ. ಧ್ವನಿ ಸಂದೇಶ ಬಂದಾಗ ಅವನ ಹಳೆಯ ಪಟ್ಟಿ ಬರೀ 'ಧ್ವನಿ' ಎಂದು ತೋರಿಸಿ ಸುಮ್ಮನಾಗುತ್ತಿತ್ತಂತೆ. "ಕಟ್ಟೆಯವರು ಒಬ್ಬರಿಗೊಬ್ಬರು ಹಾಡು ಹೇಳಿಕೊಳ್ಳುತ್ತೀರಿ ಎಂದುಕೊಂಡಿದ್ದೆ. ನನಗೂ ಹಾಡುತ್ತಿದ್ದೀರಲ್ಲ ಎಂದು ಸಂತೋಷವಾಗಿತ್ತು." ಆ ಸಾಲಿನ ಕೊನೆಯಲ್ಲಿ ಅವಳ ಬೆರಳ ಪಕ್ಕೆಗೆ ಕಚಗುಳಿ ಇಟ್ಟ ಹಾಗಾಯಿತು.

ಒಂದೊಂದೇ ಸಾಲು ಯಾಕೆ ಬರೆಯುತ್ತೀರಿ ಎಂದು ಅವಳು ಕೇಳಿದಳು. ಹಳೆಯ ಪಟ್ಟಿಯಲ್ಲಿ ಒಮ್ಮೆಗೆ ಹಿಡಿಸುತ್ತಿದ್ದದ್ದು ಇಪ್ಪತ್ತು ಅಕ್ಷರದಷ್ಟು ಚುಕ್ಕಿ ಮಾತ್ರ. ಉದ್ದ ಬರೆದರೆ ಓದುವವರು ಮತ್ತೆ ಮತ್ತೆ ಬೆರಳು ಹಿಂದಕ್ಕೆ ತರಬೇಕು. ನಿಮಗೆಲ್ಲ ಯಾಕೆ ತೊಂದರೆ ಎಂದು ಚುಟುಕಾಗಿ ಬರೆಯುತ್ತಿದ್ದೆ ಎಂದ. ಕಟ್ಟೆಯವರೆಲ್ಲ ತನ್ನ ಹಾಗೆ ಬೆರಳಲ್ಲೇ ಓದುತ್ತಾರೆ ಎಂದು ಅವನು ತಿಳಿದಿದ್ದ. ಎಂಟು ವರ್ಷ ಆ ಕಡೆಯವರೂ ತಪ್ಪು ತಿಳಿದಿದ್ದರು, ಈ ಕಡೆಯವನೂ. ಇದನ್ನು ಓದಿ ನಗಬೇಕೋ ಅಳಬೇಕೋ ಪಂಕಜಾಕ್ಷಿಗೆ ತಿಳಿಯಲಿಲ್ಲ.

ಭಾನುವಾರದ ಮತದ ವಿಷಯ ಹೇಳಿದಳು. ನಿಮ್ಮ ಕಿವಿಯ ಸಂಗತಿ ಎಲ್ಲರಿಗೂ ತಿಳಿಸಿಬಿಡುತ್ತೇನೆ, ದೂರು ಕೊಟ್ಟವರೇ ವಾಪಸು ತೆಗೆದುಕೊಳ್ಳುತ್ತಾರೆ ಎಂದಳು. ಹಾಲೇಶನ ಉತ್ತರ ಬಂತು.

"ಬೇಡ. ಪಾಪ ಎಂದು ಇಟ್ಟುಕೊಂಡರೆ ಅದೂ ಹೊರಗೆ ಹಾಕಿದ ಹಾಗೆಯೇ. ಕಟ್ಟೆಯಲ್ಲಿ ಯಾರೂ ತಮಗೆ ಕಣ್ಣಿಲ್ಲ ಎಂದು ಹೇಳಿಕೊಳ್ಳುವುದಿಲ್ಲ. ನಾನು ಕಿವಿಯದ್ದು ಯಾಕೆ ಹೇಳಲಿ?"

ಹೊರಗೆ ಹಾಕಿದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಅಕ್ಕ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಬಂದು ಅಂಗೈ ಮೇಲೆ ನಾಲ್ಕು ಮಾತು ಬರೆಯುತ್ತಾಳೆ, ನಡುವೆ ಇರುವುದು ಬೆತ್ತ ಮತ್ತು ಕಟ್ಟೆ ಎಂದು ಬಂತು. ಅದಕ್ಕೆ ಅವನು ಯಾವ ಗುರುತನ್ನೂ ಸೇರಿಸಿರಲಿಲ್ಲ. ಪಂಕಜಾಕ್ಷಿ ಆ ಸಾಲನ್ನು ಮೂರು ಸಲ ಓದಿದಳು. ಈ ಮನುಷ್ಯ ಕಟ್ಟೆಯಿಂದ ಇಳಿದರೆ ದಿನಕ್ಕೆ ಹತ್ತು ಗಂಟೆ ಲೋಕವೇ ಇಲ್ಲದ ಹಾಗೆ.

ಅವಳ ಕೈಲಿದ್ದದ್ದು ಎರಡೇ ಕೆಲಸ, ಎರಡನ್ನೂ ಮಾಡಿದಳು. ಮೂರನೇ ನಿಯಮವನ್ನು ರದ್ದು ಮಾಡಿದಳು. ಈ ಸಲದ ಸಭೆ ದನಿಯಲ್ಲಿ ನಡೆಯುವುದಿಲ್ಲ, ಬೆರಳಪಟ್ಟಿಯ ಮೇಲೆ ಬರವಣಿಗೆಯಲ್ಲೇ ನಡೆಯುತ್ತದೆ ಎಂದು ಪ್ರಕಟಿಸಿದಳು. ಇದ್ಯಾವ ಸೀಮೆ ಕಾನೂನು ಎಂದು ಹಲವರು ಗೊಣಗಿದರು. ಹೊಸ ಯಂತ್ರದ ಪರೀಕ್ಷೆ ಎಂದು ಬಾಯಿ ಮುಚ್ಚಿಸಿದಳು.

ಅಷ್ಟರಲ್ಲಿ ಪಟ್ಟಿಗಳು ಮನೆಮನೆ ಮುಟ್ಟಿದವು. ಆ ವಾರ ಮಾತುಕಟ್ಟೆಗೆ ಹುಚ್ಚೇ ಹಿಡಿಯಿತೆನ್ನಬೇಕು. ಬಳ್ಳಾರಿಯ ಮೇಷ್ಟ್ರೊಬ್ಬರು ಎಲ್ಲ ಪದವನ್ನೂ ದಪ್ಪ ಮಾಡಿ ಬರೆದು, ಓದಿದವರ ಬೆರಳು ನೋಯುವ ಹಾಗೆ ಮಾಡಿದರು. ಹಾಸನದ ತಾತ ಒಬ್ಬರು ಈರುಳ್ಳಿ ದರಕ್ಕೂ ನೆಲ ಕುಸಿಯುವ ದುಃಖ ಹಾಕಿದರು. ಲಿಂಗಸುಗೂರಿನ ಹೆಂಗಸೊಬ್ಬರು, ವಾರೆ ಅಕ್ಷರ ವಾರೆ ಅಕ್ಷರ ಎಂದು ಎಲ್ಲರ ಬಾಯಲ್ಲೂ ಕೇಳಿದ್ದೆ, ಅದು ಹೀಗೆ ಗೋಡೆಗೆ ಒರಗಿದ ಹಾಗೆ ಇರುತ್ತದೆಂದು ಐವತ್ತು ವರ್ಷಕ್ಕೆ ತಿಳಿಯಿತು ಎಂದು ಬರೆದರು. ಇನ್ನೊಬ್ಬ ಒಂದೇ ಸಾಲಿಗೆ ಅರವತ್ತು ಕಚಗುಳಿ ಇಟ್ಟು ಪಂಕಜಾಕ್ಷಿಯಿಂದ ಬೈಸಿಕೊಂಡ. ಬೈಯುವಾಗಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಒಂದೇ ಯಂತ್ರದ ದನಿಯಲ್ಲಿ ಒಂದೇ ಥರ ಮಾತಾಡುತ್ತಿದ್ದ ಆರುನೂರು ಜನ ಈಗ ಆರುನೂರು ಥರ ಆಗಿಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಂಕಜಾಕ್ಷಿ ಊಟದ ಮೇಜಿನ ಮೇಲೆ ಪಟ್ಟಿ ಇಟ್ಟುಕೊಂಡು ಕುಳಿತಳು. ಮಹದೇವಸ್ವಾಮಿ ಡಿಪೋಗೆ ರಜೆ ಹಾಕಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡಿದ್ದ. ಅತ್ತ ಪ್ರಯೋಗಾಲಯದಲ್ಲಿ ಭರತೇಶನೂ ಅವನ ಜೊತೆಯವರೂ ಗೋಡೆಯಗಲದ ಪರದೆಯ ಮುಂದೆ ಕೂತಿದ್ದರು. ಆರುನೂರು ಪಟ್ಟಿಗಳೂ ಒಟ್ಟಿಗೆ ಕೆಲಸ ಮಾಡುವುದು ಅಂದೇ ಮೊದಲು.

ದೂರನ್ನು ಓದಿದ್ದಾಯಿತು. ಹಾಲೇಶ ಅವರು ಹೇಳುವುದಿದ್ದರೆ ಹೇಳಬಹುದು ಎಂದು ಪಂಕಜಾಕ್ಷಿ ಬರೆದಳು. ಅವಳ ಬೆರಳು ಬೆವೆತಿತ್ತು; ಸೆರಗಿಗೆ ಒರೆಸಿ ಮತ್ತೆ ಇಟ್ಟಳು.

"ಹೊಸದಾಗಿ ಹೇಳುವುದೇನೂ ಇಲ್ಲ. ಹಳೆಯ ಹನ್ನೊಂದು ಸಾಲನ್ನೇ ಮತ್ತೆ ಹಾಕುತ್ತೇನೆ. ಆಗ ಗುರುತು ಇರಲಿಲ್ಲ. ಈಗ ಇದೆ."

ಮೊದಲನೆಯದು ಬಂತು. ಇನ್ನು ನಿಮಗೆ ಅಗಲದ ಕುರ್ಚಿ ಬೇಕು. ಕೊನೆಯಲ್ಲಿ ಬೆಚ್ಚನೆಯ ಅಲೆ, ಅದರ ಬೆನ್ನಿಗೆ ಪಕ್ಕೆಗೊಂದು ಕಚಗುಳಿ. ಎರಡನೆಯದು, ಕರೆಯದಿದ್ದರೂ ಊಟಕ್ಕೆ ಬರುತ್ತೇನೆ. 'ಕರೆಯದಿದ್ದರೂ' ಎಂಬ ಪದವನ್ನು ದಪ್ಪ ಮಾಡಿ, ಕೊನೆಗೆ ಎರಡು ಕಚಗುಳಿ ಇಟ್ಟಿದ್ದ. ಮೂರು, ನಾಲ್ಕು. ಐದನೆಯದು ಆ ಪದ್ಯದ ಬಗ್ಗೆ ಹೇಳಿದ್ದು. ಅದಕ್ಕೆ ಮಾತ್ರ ಕಚಗುಳಿಯೂ ಇಲ್ಲ, ಬಿಸಿಯೂ ಇಲ್ಲ, ಸಾಲಿಗೆ ಸಾಲೇ ದಪ್ಪ. ಇದನ್ನು ತಮಾಷೆಗೆ ಹೇಳಿದ್ದಲ್ಲ ಎಂದು ಕೆಳಗೆ ಸೇರಿಸಿದ್ದ. ಪಂಕಜಾಕ್ಷಿಗೆ ನಗು ಉಕ್ಕಿತು. ಪದ್ಯ ಬರೆದವನೇ ಮೊಟ್ಟಮೊದಲು ಒಂದು ಸಣ್ಣ ನಗು ಕಳುಹಿಸಿದ್ದನ್ನು ಅವಳ ಬೆರಳು ಗುರುತಿಸಿತು.

ಹತ್ತು ಸಾಲು ಮುಗಿದವು. ಹನ್ನೊಂದನೆಯದು ಬಂತು. ನಿಮ್ಮ ತಾಯಿ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಿದ್ದರು. ಕೊನೆಯ ಚುಕ್ಕಿ ದಾಟಿದ್ದೇ ಪಟ್ಟಿಯ ನೆಲ ತಣ್ಣಗೆ ಕುಸಿಯಿತು. ಬೆರಳು ಆಳಕ್ಕೆ ಇಳಿಯಿತು. ಆ ತಣ್ಣನೆಯ ತಳದಿಂದ ನಿಧಾನಕ್ಕೆ ಒಂದು ಬಿಸಿ ಏರಿ ಬಂದು ಬೆರಳಿಗೆ ಒತ್ತಿಕೊಂಡು ನಿಂತಿತು. ಎರಡು ಗುರುತುಗಳನ್ನು ಒಂದರೊಳಗೊಂದು ಸೇರಿಸಬಹುದೆಂದು ಪ್ರಯೋಗಾಲಯದ ಆರು ಜನಕ್ಕೂ ಹೊಳೆದಿರಲಿಲ್ಲ.

ಆಗ ಪಂಕಜಾಕ್ಷಿಗೆ ನೆನಪಾಯಿತು. ಎಂಟು ವರ್ಷದ ಹಿಂದೆ, ಅಡುಗೆಯ ಮಾತು ಬಂದಾಗ, ನಮ್ಮಮ್ಮ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ, ಆದರೂ ನನಗೆ ಅದೇ ಬೇಕು ಎಂದು ಅವಳೇ ಕಟ್ಟೆಯಲ್ಲಿ ಬರೆದಿದ್ದಳು. ಹಾಲೇಶ ಕಟ್ಟೆಗೆ ಬಂದ ಹೊಸತು. ಅದನ್ನು ಓದಿ, ಮನಸ್ಸಿನಲ್ಲಿಟ್ಟುಕೊಂಡು, ಅವಳಮ್ಮ ಹೋದ ದಿನ ಎತ್ತಿ ಕೊಟ್ಟಿದ್ದ. ನಾನೂರು ಸಂತಾಪದಲ್ಲಿ ಅವಳಮ್ಮ ಇದ್ದದ್ದು ಅದೊಂದರಲ್ಲೇ.

ಅವಳು ಬೆರಳೆತ್ತಿದಳು. ಏನಾಯಿತೆಂದು ಗಂಡ ಭುಜ ಹಿಡಿದ. "ಅಮ್ಮನ್ನ ನೆನೆಸ್ಕೊಂಡಿದ್ದಾರೆ ಕಣ್ರೀ. ಎರಡು ವರ್ಷದಿಂದ ನಾನು ಇವರನ್ನ ಶಪಿಸ್ತಾ ಕೂತಿದ್ದೆ" ಎಂದು ಬಿಕ್ಕಿದಳು. ಮಹದೇವಸ್ವಾಮಿ ಅವಳ ಕೈಯನ್ನು ತಾನೇ ಹಿಡಿದು ಪಟ್ಟಿಯ ಮೇಲೆ ಇಟ್ಟ. ಸಭೆ ಇನ್ನೂ ಮುಗಿದಿರಲಿಲ್ಲ.

ಮತ ಹಾಕುವ ರೀತಿಯನ್ನು ಅವಳು ಹುರುಪಿನಲ್ಲಿ ಮೊದಲೇ ಗೊತ್ತುಮಾಡಿದ್ದಳು. ಹಾಲೇಶನ ಕೊನೆಯ ಸಾಲಿನ ಕೆಳಗೆ ಗುರುತು ಒತ್ತಬೇಕು. ಹೋಗಲಿ ಎನ್ನುವವರು ಮುಳ್ಳು, ಇರಲಿ ಎನ್ನುವವರು ಬಿಸಿ. ಒಬ್ಬರ ಸಾಲಿಗೆ ಒತ್ತಿದ ಗುರುತು ನೇರ ಅವರ ಬೆರಳಿಗೇ ಹೋಗುತ್ತದೆಂಬುದು ಅವಳಿಗೆ ಹೊಳೆದದ್ದು ಮತ ಶುರುವಾದ ಮೇಲೆ. ಮೊದಲು ಬಂದವು ಮುಳ್ಳುಗಳೇ. ಹತ್ತು, ಇಪ್ಪತ್ತು, ನಲವತ್ತು. ಹರಿಹರದ ಮನೆಯೊಂದರಲ್ಲಿ ಅವೆಲ್ಲ ಒಂದೇ ಬೆರಳಿಗೆ ಚುಚ್ಚುತ್ತಿದ್ದವು. ನಿಲ್ಲಿಸುವ ಹಾಗಿರಲಿಲ್ಲ, ನಿಯಮ ಅವಳೇ ಬರೆದದ್ದು.

ಅರವತ್ತಾದ ಮೇಲೆ ಮುಳ್ಳು ಹಿಂಜರಿಯಿತು. ಬಿಸಿ ಶುರುವಾಯಿತು. ಬಳ್ಳಾರಿಯ ಮೇಷ್ಟ್ರು, ಹಾಸನದ ತಾತ, ಪದ್ಯದವನು, ಮಗಳ ಮದುವೆಯವರು. ದೂರಿಗೆ ಹೆಸರು ಹಾಕಿದ್ದವರೇ ಒಬ್ಬರಾದ ಮೇಲೊಬ್ಬರು ಬಿಸಿ ಒತ್ತತೊಡಗಿದರು. ನೂರು ದಾಟಿತು, ಇನ್ನೂರು ದಾಟಿತು. ಮಹದೇವಸ್ವಾಮಿ ಫೋನಿನ ಪರದೆಯಲ್ಲಿ ಲೆಕ್ಕ ನೋಡಿ ಕ್ರಿಕೆಟ್ ಸ್ಕೋರಿನ ಹಾಗೆ ಹೇಳುತ್ತಿದ್ದ. ಮುಳ್ಳು ಎಪ್ಪತ್ತೊಂದು, ಬಿಸಿ ಮುನ್ನೂರ ಎಂಬತ್ತು ಎನ್ನುವಾಗ ಅವನ ದನಿಯೂ ಮೇಲಕ್ಕೆ ಹೋಗಿತ್ತು. ಹಾಲೇಶ ಉಳಿದುಕೊಂಡ.

ಆಗ ಭರತೇಶನ ಫೋನ್ ಬಂತು.

"ಮೇಡಂ, ಹಾಲೇಶ್ ಅವ್ರ ಪಟ್ಟಿ ಐವತ್ತೆರಡು ಡಿಗ್ರಿ ಆಗಿದೆ, ಇನ್ನೂ ಏರ್ತಿದೆ. ಒಬ್ಬರ ಬಿಸಿ ಆರೋಷ್ಟರಲ್ಲಿ ಇನ್ನೊಬ್ಬರದ್ದು ಬಂದು ಅದರ ಮೇಲೆ ಕೂರ್ತಿದೆ. ನಾವು ಮೂರು ಜನಕ್ಕಿಂತ ಹೆಚ್ಚು ಒಟ್ಟಿಗೆ ಪರೀಕ್ಷೆ ಮಾಡೇ ಇರ್ಲಿಲ್ಲ."

ಇಲ್ಲಿಂದ ಮಿತಿ ಹಾಕಲು ಎರಡು ನಿಮಿಷ ಬೇಕು, ಅಷ್ಟರಲ್ಲಿ ಬೆರಳು ಸುಡುತ್ತದೆ ಎಂದ. ಪಟ್ಟಿಯ ಅಂಚಿಗೆ ಬೆರಳು ಸರಿಸಿದರೂ ಸಾಕು, ಆ ಪೊರೆಯ ಮೇಲೆ ಬೇಡ, ಅವರಿಗೆ ತಕ್ಷಣ ಫೋನ್ ಮಾಡಿ ಹೇಳಿ ಎಂದವನು ತಾನೇ ನಾಲಗೆ ಕಚ್ಚಿಕೊಂಡ. ಸುಟ್ಟು ಬೊಬ್ಬೆ ಬಂದ ಬೆರಳಿಗೆ ಚುಕ್ಕಿ ತಿಳಿಯುವುದಿಲ್ಲ. ಹಾಲೇಶನ ಮಟ್ಟಿಗೆ ಕಣ್ಣು, ಕಿವಿ ಎರಡೂ ಆ ಬೆರಳೇ. ಅಕ್ಕನಿಗಾದರೂ ತಿಳಿಸೋಣವೆಂದರೆ ಭಾನುವಾರವೂ ಅವಳಿಗೆ ಕೆಲಸ.

ಅವನನ್ನು ಮುಟ್ಟಲು ಇದ್ದ ದಾರಿ ಆ ಸುಡುವ ಪಟ್ಟಿಯೊಂದೇ. ಪಂಕಜಾಕ್ಷಿ ಬರೆದಳು. ಮುನ್ನೂರು ಗುರುತುಗಳ ನಡುವೆ ತನ್ನ ಮಾತು ಕಳೆದುಹೋಗಬಾರದೆಂದು ಪ್ರತಿ ಅಕ್ಷರವನ್ನೂ ದಪ್ಪ ಮಾಡಿ, ಚುಕ್ಕಿಗಳು ಎಷ್ಟು ಸೆಟೆಯಬಲ್ಲವೋ ಅಷ್ಟೂ ಸೆಟೆಯುವ ಹಾಗೆ: "ಹಾಲೇಶ್, ಬೆರಳು ತೆಗೆಯಿರಿ. ಸುಡುತ್ತದೆ."

ಉತ್ತರವಿಲ್ಲ. ಮತ್ತೆ ಅದನ್ನೇ ಕಳುಹಿಸಿದಳು. ಫೋನಿನಲ್ಲಿ ಭರತೇಶ ಐವತ್ತಮೂರು ಎಂದ. ಓದಿರಲಾರ, ಬೆರಳು ಆಗಲೇ ಮರಗಟ್ಟಿರಬೇಕು ಎಂದುಕೊಂಡಳು. ಮೂರನೇ ಸಲ ಬರೆಯಲು ಗುಂಡಿಗಳನ್ನು ತಡವುತ್ತಿದ್ದಳು.

ಅಷ್ಟರಲ್ಲಿ ಪಟ್ಟಿಯ ಮೇಲೆ ಚುಕ್ಕಿಗಳೆದ್ದವು.

"ತೆಗೆದೆ. ಪಕ್ಕದ ಬೆರಳು ಇಟ್ಟಿದ್ದೇನೆ. ಇನ್ನೂ ಎಂಟಿವೆ. ಅವರಿಗೆ ನಿಲ್ಲಿಸಬೇಡಿ ಎನ್ನಿ."

ಮಿತಿ ಬಿತ್ತು, ಬಿಸಿ ಇಳೀತಿದೆ ಎಂದ ಭರತೇಶ ಫೋನಿನಲ್ಲಿ. ಹಾಲೇಶ ಆ ಸಾಲಿಗೆ ಯಾವ ಗುರುತನ್ನೂ ಹಾಕಿರಲಿಲ್ಲ. ಪಂಕಜಾಕ್ಷಿ ಕಣ್ಣೊರೆಸಿಕೊಳ್ಳುತ್ತಲೇ ಜೋರಾಗಿ ನಕ್ಕುಬಿಟ್ಟಳು.